ಲೈಸೆನ್ಸಿಗಾಗಿ ಒಂದು ಭೂಕಂಪ ಭಾಷಣ

ಭೂಕಂಪಕ್ಕೆ ಕಟ್ಟಡಗಳು ಬೀಳದಂತೆ ಲೆಕ್ಕ ಹಾಕುವುದು ನನ್ನ ಕಸುಬು. ಮಂಡ್ಯದಲ್ಲಿ ಓದಿದವನು, ಮಿಲ್ಪಿಟಾಸಿಗೆ ಬಂದು ತಲೆಗೂದಲು ಉದುರುವಷ್ಟು ವರ್ಷ ಇದನ್ನೇ ಮಾಡಿದ್ದೇನೆ. ಇಂಥ ನಾನು ಇನ್ನೂ ಕಲಿಯಬೇಕು ಎಂದು ಒಂದು ಸರ್ಕಾರ ಹೇಳುತ್ತದೆ! ನಮ್ಮ ಕ್ಯಾಲಿಫೋರ್ನಿಯಾ ಅಲ್ಲ, ಇನ್ನೊಂದು ರಾಜ್ಯ. ಅಲ್ಲಿಯ ಒಂದು ಶಾಲೆಯ ನಕ್ಷೆಗೆ ನಾನು ಸೀಲು ಒತ್ತಬೇಕಿತ್ತು. ಸೀಲು ಒತ್ತಲು ಆ ರಾಜ್ಯದ ಲೈಸೆನ್ಸು ಬೇಕು. ಅದನ್ನು ನವೀಕರಿಸಲು 'ನಿರಂತರ ವೃತ್ತಿಪರ ಅಭಿವೃದ್ಧಿ'ಯ ಹೆಸರಿನಲ್ಲಿ ಇಂತಿಷ್ಟು ಗಂಟೆ ಪಾಠ ಕೇಳಿರಬೇಕು. ಹೆಸರು ಕೇಳಿದರೆ ಯಾವುದೋ ಪಂಚವಾರ್ಷಿಕ ಯೋಜನೆ ಅನ್ನಬೇಕು!

"ತಿಂಗಳ ಕೊನೆಯೊಳಗೆ ಗಂಟೆಗಳು ತುಂಬದಿದ್ದರೆ ಆ ಶಾಲೆ ಬ್ರಾಯನ್‌ಗೆ" ಎಂದುಬಿಟ್ಟ ನಮ್ಮ ಬಾಸು. ಬ್ರಾಯನ್‌ಗೆ ಕೆಲಸ ಕಲಿಸಿದವನು ನಾನು. ಆ ಮಹಾನುಭಾವ ಎಲ್ಲ ಪಾಠಗಳನ್ನೂ ಜನವರಿಯಲ್ಲೇ ಮುಗಿಸಿ, ಪ್ರಮಾಣಪತ್ರಗಳನ್ನು ಆಫೀಸಿನ ಗೋಡೆಗೆ ಅಂಟಿಸಿಕೊಂಡು ಕೂತಿದ್ದ. ಎರಡು ವರ್ಷ ನಿದ್ದೆಗೆಟ್ಟು ಲೆಕ್ಕ ಹಾಕಿ ಹಾಕಿ ನಾನು ಕಾಗದದ ಮೇಲೆ ಎಬ್ಬಿಸಿದ ಶಾಲೆ ಅದು. ಬ್ರಾಯನ್ ಹೆಸರಿನಲ್ಲಿ ಹೋಗುವುದೆಂದರೆ ಹೊಟ್ಟೆ ಉರಿಯುವುದಿಲ್ಲವೇ?

ಸರಿ, ಆನ್‌ಲೈನಿನಲ್ಲಿ ಒಂದು ಪಾಠ ಹಾಕಿದೆ. ವಿಷಯ, ವೃತ್ತಿನೀತಿ. ಲಂಚ ತಗೋಬಾರದು, ಸುಳ್ಳು ಹೇಳಬಾರದು ಎಂದು ಒಬ್ಬ ಟೈ ಕಟ್ಟಿಕೊಂಡವನು ಗಂಟೆಗಟ್ಟಲೆ ಹೇಳುತ್ತಾನಂತೆ. ಇದನ್ನು ನಮ್ಮಜ್ಜಿ ಒಂದು ತುತ್ತು ಉಣಿಸುವಷ್ಟರಲ್ಲಿ ಹೇಳಿ ಮುಗಿಸಿದ್ದಳು. ಅವನನ್ನು ಮಾತಾಡಲು ಬಿಟ್ಟು ನಾನು ಗ್ರೋಸರಿಗೆ ಹೋಗಿ ಕೊತ್ತಂಬರಿ ತಂದೆ. ವಾಪಸ್ಸು ಬಂದು ನೋಡಿದರೆ ಪಾಠ ನಿಂತಿತ್ತು. ಮಧ್ಯದಲ್ಲಿ ಪರದೆಯ ಮೇಲೆ 'ನೀವು ಇನ್ನೂ ಇಲ್ಲಿದ್ದೀರಾ?' ಎಂದು ಕೇಳಿ, ಉತ್ತರ ಬಾರದ್ದರಿಂದ ನನ್ನನ್ನು ಹೊರಗೆ ಹಾಕಿತ್ತು!

"ನೀತಿ ಪಾಠಕ್ಕೇ ಚಕ್ಕರ್ ಹೊಡೆದ್ರಾ?" ಎಂದಳು ನನ್ನ ಹೆಂಡತಿ ವಸಂತಿ.

"ಕಲಿಯೋದು ಕಲಿಯದವರ ಕೆಲಸ ಕಣೇ. ನಾನು ಕಲಿಸ್ತೀನಿ!" ಎಂದೆ.

ಮಾತು ಸುಳ್ಳಲ್ಲ. ನಿಯಮದಲ್ಲಿ ಒಂದು ಸಂದು ಸಿಕ್ಕಿತ್ತು. ಪಾಠ ಕೇಳಿದರೆ ಒಂದು ಗಂಟೆಗೆ ಒಂದು ಗಂಟೆ, ಪಾಠ ಹೇಳಿದರೆ ಒಂದಕ್ಕೆ ಎರಡು! ಕಾರ್ಯಕ್ರಮ ನಡೆಸಿದವರು, 'ಇವರು ಆದಿಯಿಂದ ಅಂತ್ಯದವರೆಗೆ ಹಾಜರಿದ್ದು ಪಾಠ ಹೇಳಿದರು' ಎಂದು ಸಹಿ ಹಾಕಿದರೆ ಸಾಕು.

ನಮ್ಮ ಕನ್ನಡ ಬಳಗದ ಅಧ್ಯಕ್ಷರು ಹಾಸನದ ಜಯಣ್ಣ. ಅವರಿಗೆ ಫೋನು ಮಾಡಿದೆ.

"ಭೂಕಂಪದ ಮೇಲೆ ಲೆಕ್ಚರಾ? ಅಂತ್ಯಾಕ್ಷರಿಗೂ ಊಟಕ್ಕೂ ಮಧ್ಯೆ ಒಂದು ಸ್ಲಾಟ್ ಖಾಲಿ ಇದೆ ಸಾರ್. ಮ್ಯಾಜಿಕ್ ಶೋನವನು ಕೈಕೊಟ್ಟ" ಎಂದರು.

ಮ್ಯಾಜಿಕ್ಕಿನವನ ಜಾಗಕ್ಕೆ ನಾನು! ಆದರೂ ಶಾಲೆಯನ್ನು ನೆನೆದು ನುಂಗಿಕೊಂಡೆ.

ಭಾನುವಾರ ಸನ್ನಿವೇಲ್‌ನ ಬಾಡಿಗೆ ಹಾಲಿನಲ್ಲಿ ಹೊಸ ಜುಬ್ಬಾ ತೊಟ್ಟು, ಕಾಲರಿಗೆ ಮೈಕು ಸಿಕ್ಕಿಸಿಕೊಂಡು ನಿಂತೆ. ವಸಂತಿ, ಮಗಳು ಇಬ್ಬರೂ ಬಂದಿದ್ದರು. ಎದುರಿಗೆ ಮೇಜುಗಳ ಸುತ್ತ ಕೂತಿದ್ದವರಲ್ಲಿ ಬಹುಪಾಲು ಎಂಜಿನಿಯರುಗಳೇ, ಆದರೆ ಸಾಫ್ಟ್‌ವೇರಿನವರು. ಅವರು ಕಟ್ಟಿದ್ದು ಬಿದ್ದರೆ ಆಫ್ ಮಾಡಿ ಆನ್ ಮಾಡುತ್ತಾರೆ! ಅವರ ಕಣ್ಣೆಲ್ಲ ಹಿಂದಿನ ಮೇಜಿನ ಬಿಸಿಬೇಳೆಬಾತಿನ ಮೇಲೆ. ನನಗೆ ರೇಗಿತು. ಹೇಳಿಕೊಟ್ಟರೆ ಸಾಲದು, ಮಾಡಿಸಿಯೇ ಬಿಡುತ್ತೇನೆ ಎಂದುಕೊಂಡೆ.

"ನೆಲ ನಡುಗಿದರೆ ಮೂರೇ ಮಾತು: ಬಗ್ಗಿ, ನುಗ್ಗಿ, ಹಿಡಿದುಕೊಳ್ಳಿ! ಮೇಜಿನ ಕೆಳಗೆ ನುಗ್ಗಿ ಅದರ ಕಾಲು ಹಿಡಿದುಕೊಳ್ಳಿ. ಹೊರಗೆ ಮಾತ್ರ ಓಡಬೇಡಿ. ಓಡುವವನು ಮೂರ್ಖ! ಎಲ್ಲಿ, ಎಲ್ಲರೂ ಒಮ್ಮೆ ನುಗ್ಗಿ ನೋಡೋಣ."

ಮುಂದಿನ ಸಾಲಿನಲ್ಲಿದ್ದ ಧಾರವಾಡದ ಶಾಂತಕ್ಕ ಎದ್ದು ನಿಂತರು. "ಏನ್ರೀ ಸಾಹೇಬ್ರ, ಮೊಣಕಾಲು ಆಪರೇಶನ್ ಆದಾಕಿ ನಾ. ಹೆಂಗ್ ನುಗ್ಗಲಿ?"

"ನಿಮ್ಮ ಮೊಣಕಾಲು ನೋಡಿಕೊಂಡು ಭೂಕಂಪ ಬರಲ್ಲ ಶಾಂತಕ್ಕ!" ಎಂದು ಗದರಿದೆ. ಪಾಪ, ರೇಷ್ಮೆ ಸೀರೆ ಎತ್ತಿ ಕಟ್ಟಿಕೊಂಡು ನುಗ್ಗಿದರು. ಎಲ್ಲರೂ ಗೊಣಗುತ್ತ ನುಗ್ಗಿದರು. ನಾನೊಬ್ಬ ನುಗ್ಗಲಿಲ್ಲ. ಜುಬ್ಬಾ ಹೊಸದು.

ಅವರೆಲ್ಲ ಎದ್ದು ಕೂತಮೇಲೆ ಮುಂದಿನ ಸ್ಲೈಡು ಹಾಕಿದೆ. 'ನಿಲ್ಲಬಾರದ ಜಾಗಗಳು' ಎಂದು ಗಾಜಿನ ಗೋಡೆಯ ಚಿತ್ರಕ್ಕೆ ಕೆಂಪು ಗೀಟು ಎಳೆದಿದ್ದೆ. ಅದನ್ನು ವಿವರಿಸುತ್ತಿದ್ದೆ. ಅಷ್ಟರಲ್ಲಿ ಹಾಲಿನಲ್ಲಿದ್ದ ಫೋನುಗಳೆಲ್ಲ ಒಟ್ಟಿಗೆ ಕಿರುಚಿಕೊಂಡವು. ಭೂಕಂಪದ ಎಚ್ಚರಿಕೆ! ನೆಲ ಗಡಗಡ ಎಂದಿತು.

ಆಮೇಲೆ ಏನಾಯಿತೋ ನನಗೆ ಗೊತ್ತಿಲ್ಲ. ಗೊತ್ತಾದಾಗ ನಾನು ಪಾರ್ಕಿಂಗ್ ಲಾಟಿನಲ್ಲಿದ್ದೆ. ಒಂದು ಚಪ್ಪಲಿ ಇರಲಿಲ್ಲ. ಬೆನ್ನು ಆನಿಸಿ ನಿಂತಿದ್ದುದು ಹಾಲಿನ ಗಾಜಿನ ಗೋಡೆಗೆ!

ಒಳಗಿನಿಂದ ಯಾರೋ ಸ್ಪೀಕರಿನಲ್ಲಿ ಅರಚುವುದು ಕೇಳಿಸಿತು: "ಸತ್ತೆ ಕಣಪ್ಪೋ! ತಾಯಿ ಚಾಮುಂಡಿ, ನನ್ನೊಬ್ಬನ್ನ ಕಾಪಾಡು!" ಯಾರಪ್ಪ ಈ ಹೇಡಿ ಎಂದುಕೊಂಡೆ. ಆಮೇಲೆ ಕಾಲರು ಮುಟ್ಟಿ ನೋಡಿಕೊಂಡೆ. ಮೈಕು ಆನ್ ಆಗಿತ್ತು.

ನೆಲ ಆಗಲೇ ಸುಮ್ಮನಾಗಿತ್ತು. ಒಂದು ಲೋಟವೂ ಬಿದ್ದಿರಲಿಲ್ಲ. ಗಾಜಿನಿಂದ ಇಣುಕಿದರೆ ಇಡೀ ಬಳಗ ಶಿಸ್ತಾಗಿ ಮೇಜುಗಳ ಕೆಳಗಿತ್ತು. ಒಂದು ಮೇಜಿನ ಕೆಳಗಿನಿಂದ ಶಾಂತಕ್ಕನ ತಲೆ ಹೊರಗೆ ಬಂತು. "ಭೂಕಂಪ ಹೋತ್ರೀ ಸಾಹೇಬ್ರ, ಒಳಗ ಬರ್ರಿ!"

ಒಳಗೆ ಹೋದೆ. ಚಪ್ಪಾಳೆ ಬಿತ್ತು. ಅದು ಭಾಷಣಕ್ಕಲ್ಲ ಎಂದು ಎಂಥ ದಡ್ಡನಿಗೂ ತಿಳಿಯುತ್ತಿತ್ತು. ಮಗಳು ಚಪ್ಪಲಿ ತಂದುಕೊಟ್ಟು, "ಅಪ್ಪಾ, ಯು ಲಿಟರಲಿ ರ‍್ಯಾನ್" ಎಂದಳು.

"ಓಡಿದ್ದಕ್ಕೆ ಬೇಜಾರಿಲ್ಲ" ಎಂದಳು ವಸಂತಿ. "ನನ್ನೊಬ್ಬನ್ನ ಅಂದ್ರಲ್ಲ! ನಾವಿಬ್ರೂ ಒಳಗೇ ಇದ್ವಿ." ನಾನು ಬಗ್ಗಿ ಚಪ್ಪಲಿ ಮೆಟ್ಟಿಕೊಂಡೆ.

ಊಟವಾದ ಮೇಲೆ ಮಾನ ಬಿಟ್ಟು ಸಹಿಯ ಕಾಗದ ಹಿಡಿದುಕೊಂಡು ಜಯಣ್ಣನ ಮುಂದೆ ನಿಂತೆ. ಶಾಲೆ ಉಳಿಯಬೇಕಲ್ಲ! ಅವರು ಕನ್ನಡಕ ಸರಿಮಾಡಿಕೊಂಡು ಓದಿದರು.

"ಆದಿಯಿಂದ ಅಂತ್ಯದವರೆಗೆ ಹಾಜರಿದ್ದರು ಅಂತ ಇದೆಯಲ್ಲ ಸಾರ್. ಎಲ್ಲಾರೂ ಇದ್ರು. ನೀವೊಬ್ರೇ ಇರ್ಲಿಲ್ಲ." ತಲೆ ಕೆರೆದುಕೊಂಡರು. "ನಿಮಗೆ ಈ ವೃತ್ತಿನೀತಿ ಪಾಠ ಎಲ್ಲ ಆಗಿರುತ್ತಲ್ಲ, ನೀವೇ ಹೇಳಿ. ಸಹಿ ಹಾಕ್ಲಾ?"

ವಸಂತಿ ಸೆರಗು ಬಾಯಿಗೆ ಒತ್ತಿಕೊಂಡು ಆಚೆ ತಿರುಗಿದಳು. ನನಗೆ ನಾಚಿಕೆಯಾಯಿತು, ನಿಜವಾಗಿಯೂ ಆಯಿತು. ಕಾಗದ ವಾಪಸ್ಸು ತೆಗೆದುಕೊಂಡೆ.

ಈಗ ಮನೆಯಲ್ಲಿ ಕೂತು ಆ ಟೈ ಕಟ್ಟಿದವನ ಪಾಠವನ್ನು ಮೊದಲಿನಿಂದ ಕೇಳುತ್ತಿದ್ದೇನೆ. ಅವನಾದ ಮೇಲೆ ಇನ್ನೂ ಮೂವರು ಟೈಯವರು ಸಾಲಾಗಿ ಕಾಯುತ್ತಿದ್ದಾರೆ. ತಿಂಗಳು ಮುಗಿಯುವುದರೊಳಗೆ ಇವರನ್ನೆಲ್ಲ ಸಹಿಸಿಕೊಂಡರೆ ಶಾಲೆ ನನ್ನದು. ಬ್ರಾಯನ್‌ಗೆ ನಾನು ಕಲಿಸಿದ್ದು ಸಾಕು.

ಪಾಠ ನಿಂತಿತು. ಪರದೆ ಕೇಳಿತು: 'ನೀವು ಇನ್ನೂ ಇಲ್ಲಿದ್ದೀರಾ?'

"ನೋಡ್ಕೊಂಡು ಹೇಳಿ" ಎಂದಳು ವಸಂತಿ ಅಡುಗೆಮನೆಯಿಂದ. "ಪಾರ್ಕಿಂಗ್ ಲಾಟಲ್ಲಿ ಇರ್ತೀರ!"

ಒಮ್ಮೆ ಸುತ್ತ ನೋಡಿಕೊಂಡೆ. ಮನೆಯಲ್ಲೇ ಇದ್ದೆ. 'ಹೌದು' ಒತ್ತಿದೆ.