ಬಾಗಿಲ ಬಳಿ "ಚೆನ್ನಾಗಿಲ್ಲ" ಎಂದು ಉತ್ತರಿಸುವವರ ಬಗ್ಗೆ

ವೈಯಕ್ತಿಕ ಬೆಳವಣಿಗೆ ಮತ್ತು ಬಾಗಿಲ ಕುಶಲೋಪರಿ ಸಮಿತಿಯ ಕಾರ್ಯಾಲಯ
(ಚರ್ಚಿನ ಹಿಂಬದಿ, ಮಡಚುವ ಕುರ್ಚಿಗಳನ್ನು ಪೇರಿಸಿಡುವ ಕೋಣೆ)

ಸಂಖ್ಯೆ: ವೈಬೆ/ಬಾಕು/ಉತ್ತರ/ಚೆನ್ನಾಗಿಲ್ಲ/1
ದಿನಾಂಕ: ಸೋಮವಾರ (ಬೆಳಿಗ್ಗೆ ಆರಂಭಿಸಿ, ಊಟದ ನಂತರ ಮುಂದುವರಿಸಿದ್ದು)

ಸುತ್ತೋಲೆ

ವಿಷಯ: ಆರಾಧನೆ ಮುಗಿದ ಮೇಲೆ ಸಭಾಪಾಲಕರು ಬಾಗಿಲಲ್ಲಿ ನಿಂತು "ಹೇಗಿದ್ದೀರಾ?" ಎಂದು ಕೇಳಿದಾಗ ಸದಸ್ಯರು ನೀಡಬಹುದಾದ ಮತ್ತು ನೀಡಬಾರದ ಉತ್ತರಗಳ ಕುರಿತು.

ಉಲ್ಲೇಖ:
(1) ಇದೇ ಸಮಿತಿಯ "ಈ ವರ್ಷ ಬೆಳೆಯೋಣ" ಅಭಿಯಾನದ ಸುತ್ತೋಲೆ.
(2) ಕಳೆದ ಭಾನುವಾರ ಕಾಲರ್ ಮೈಕಿನ ಮೂಲಕ ಸಭಾಂಗಣ, ಅಡುಗೆಕೋಣೆ, ಸಂಡೇ ಸ್ಕೂಲ್ ಕೊಠಡಿ ಮತ್ತು ವಾಹನ ನಿಲ್ಲಿಸುವ ಜಾಗದವರೆಗೆ ಕೇಳಿಸಿದ ಮಾತು.
(3) ಸಭಾಪಾಲಕರ ಪತ್ನಿ ಪಾಸ್ಟರಮ್ಮನವರು ಅದೇ ದಿನ ಎತ್ತಿದ ಮೌಖಿಕ ಪ್ರಶ್ನೆ: "ನಿಮ್ಮ ಸಮಿತಿ ಅಂತ ಒಂದು ಇರೋದಾದ್ರೂ ಯಾಕೆ?"

ಪ್ರಸ್ತಾವನೆ:

ಎಲ್ಲ ಸದಸ್ಯರಿಗೂ ತಿಳಿದಿರುವಂತೆ, ಆಶೀರ್ವಚನ ಮುಗಿದ ಕೂಡಲೇ ಸಭಾಪಾಲಕರು ಮುಖ್ಯ ಬಾಗಿಲಿಗೆ ಬಂದು ಪ್ರತಿಯೊಬ್ಬರ ಕೈ ಕುಲುಕಿ "ಹೇಗಿದ್ದೀರಾ?" ಎಂದು ವಿಚಾರಿಸುವುದೂ, ಸದಸ್ಯರು ಟೀ ಮೇಜಿನ ಕಡೆ ನೋಡುತ್ತಾ "ಚೆನ್ನಾಗಿದ್ದೀನಿ, ದೇವರ ದಯೆ" ಎನ್ನುವುದೂ, ಸಭಾಪಾಲಕರು "ಒಳ್ಳೇದು, ದೇವರಿಗೆ ಸ್ತೋತ್ರ" ಎಂದು ಮುಂದಿನವರ ಕೈ ಹಿಡಿಯುವುದೂ ರೂಢಿಯಲ್ಲಿರುತ್ತದೆ. ಈ ಪದ್ಧತಿಯಿಂದ ಸಾಲು ಸರಾಗವಾಗಿ ಸಾಗುತ್ತಿದ್ದು, ಟೀ ಬಿಸಿಯಾಗಿಯೇ ಸಿಗುತ್ತಿತ್ತು.

ಉಲ್ಲೇಖ (1)ರ ಅಭಿಯಾನದಂತೆ ಪ್ರತಿ ಸದಸ್ಯರ ಹೆಸರಿನಲ್ಲಿ ಬೆಳವಣಿಗೆಯ ಪಟ್ಟಿಯೊಂದನ್ನು ಗೋಂದಿನಿಂದ ಗೋಡೆಗೆ ಹಚ್ಚಿ, ತಾಳ್ಮೆ, ಸಂತೋಷ, ಸಮಯಪಾಲನೆ ಇತ್ಯಾದಿ ಗುಣಗಳಿಗೆ ಬಂಗಾರದ ಬಣ್ಣದ ನಕ್ಷತ್ರಗಳನ್ನು ಅಂಟಿಸಲಾಗುತ್ತಿದೆ. ಸಿಟ್ಟು ಬಂದಾಗ ಗಂಟೆ ಬಾರಿಸಿ ಎಚ್ಚರಿಸುವ ಮೊಬೈಲ್ ಆಪನ್ನೂ ಯುವಜನರ ಸಲಹೆಯಂತೆ ಜಾರಿಗೆ ತರಲಾಗಿತ್ತು. ಸಭಾಪಾಲಕರ ಪ್ರಸಂಗದ ನಡುವೆ ನಾಲ್ಕಾರು ಬೆಂಚುಗಳಿಂದ ಒಟ್ಟಿಗೇ ಗಂಟೆ ಬಾರಿಸಿದ ಕಾರಣ ಅದನ್ನು ಹಿಂಪಡೆಯಲಾಗಿದೆ. ಉಳಿದಂತೆ ಎಲ್ಲರೂ ಬೆಳೆಯುತ್ತಿದ್ದಾರೆ ಎಂದೇ ಸಮಿತಿಯು ನಂಬಿತ್ತು.

ಹೀಗಿರುವಾಗ, ಕಳೆದ ಭಾನುವಾರ, ಸಭೆಯ ಧ್ವನಿ ವ್ಯವಸ್ಥೆಯನ್ನು ನೋಡಿಕೊಳ್ಳುವ, ಎಲ್ಲರೂ ಮೈಕಣ್ಣ ಎಂದು ಕರೆಯುವ ಹಿರಿಯ ಎಲೆಕ್ಟ್ರಿಷಿಯನ್‌ರವರು ಎಂದೂ ಇಲ್ಲದ ರೀತಿಯಲ್ಲಿ ಸಾಲಿನಲ್ಲಿ ಬಂದು ನಿಂತರು. ಸಾಮಾನ್ಯವಾಗಿ ಆ ಹೊತ್ತಿಗೆ ಅವರು ಸಭಾಪಾಲಕರ ಕಾಲರ್ ಮೈಕನ್ನು ಆರಿಸಿ ವೈರು ಸುತ್ತುತ್ತಿರುತ್ತಾರೆ. ಆರಿಸಬೇಕಾದವರೇ ಸಾಲಿನಲ್ಲಿದ್ದುದರಿಂದ ಮೈಕು ಆನ್ ಆಗಿಯೇ ಉಳಿಯಿತು. "ಹೇಗಿದ್ದೀಯಪ್ಪಾ?" ಎಂಬ ಪ್ರಶ್ನೆಗೆ ಅವರು ನೀಡಿದ ಉತ್ತರವನ್ನು ಯಥಾವತ್ತಾಗಿ ಇಲ್ಲಿ ದಾಖಲಿಸಲಾಗಿದೆ: "ಚೆನ್ನಾಗಿಲ್ಲ ಅಯ್ಯನವರೇ. ಮನೆಗೆ ಹೋಗೋಕೇ ಮನಸ್ಸಾಗಲ್ಲ."

ಇದಕ್ಕೆ ಸಭಾಪಾಲಕರು ರೂಢಿಯ ಬಲದಿಂದ "ಒಳ್ಳೇದು, ದೇವರಿಗೆ ಸ್ತೋತ್ರ" ಎಂದು ಹೇಳಿ ಮುಂದಿನವರ ಕೈ ಹಿಡಿದಿರುತ್ತಾರೆ. ಇದೂ ವಾಹನ ನಿಲ್ಲಿಸುವ ಜಾಗದವರೆಗೆ ಕೇಳಿಸಿರುತ್ತದೆ.

ಮೈಕಣ್ಣನವರು ಟೀ ಕುಡಿಯದೆ, ವೈರು ಸುತ್ತದೆ, ಮೈಕ್ ಬೀರುವಿನ ಬೀಗದ ಕೈಯನ್ನು ಬಿಸ್ಕತ್ತಿನ ಡಬ್ಬದ ಪಕ್ಕದಲ್ಲಿಟ್ಟು ಹೊರಟುಹೋದರು. ಆನಂತರದ ಗಲಿಬಿಲಿಯನ್ನು ಹತೋಟಿಗೆ ತರುವ ಸಲುವಾಗಿ ಈ ಕೆಳಕಂಡ ಆದೇಶ.

ಆದೇಶ:

1. ಬಾಗಿಲಲ್ಲಿ ಮಾನ್ಯವಾಗುವ ಉತ್ತರಗಳು: "ಚೆನ್ನಾಗಿದ್ದೀನಿ" ಮತ್ತು "ದೇವರ ದಯೆ". ನೆಗಡಿ ಇರುವವರು "ಪರವಾಗಿಲ್ಲ" ಎನ್ನಬಹುದು, ಆದರೆ ಮುಖ ಆ ಕಡೆ ತಿರುಗಿಸಿ. "ಏನೋ ನಡೀತಾ ಇದೆ" ಎಂಬ ಉತ್ತರದಲ್ಲಿ ಏನು ನಡೆಯುತ್ತಿದೆ, ಎಲ್ಲಿಗೆ ನಡೆಯುತ್ತಿದೆ ಎಂಬುದು ಸ್ಪಷ್ಟವಿಲ್ಲದ ಕಾರಣ ಅದನ್ನು ಪರಿಶೀಲನೆಯಲ್ಲಿಡಲಾಗಿದೆ.

2. "ಚೆನ್ನಾಗಿಲ್ಲ" ಎಂದು ಹೇಳಲು ಉದ್ದೇಶಿಸಿರುವವರು ಒಂದು ವಾರ ಮೊದಲೇ ಸಮಿತಿಗೆ ತಿಳಿಸತಕ್ಕದ್ದು. ಅಂಥವರಿಗಾಗಿ ಪಕ್ಕದ ಬಾಗಿಲಲ್ಲಿ ಪ್ರತ್ಯೇಕ ಸಾಲನ್ನು ಏರ್ಪಡಿಸಲಾಗುವುದು. ಸದರಿ ಬಾಗಿಲಿನ ಚಿಲಕ ಕೆಟ್ಟಿದ್ದು ಹೊರಗಿನಿಂದ ಮಾತ್ರ ತೆರೆಯುವುದರಿಂದ, ಚೆನ್ನಾಗಿಲ್ಲದವರು ಮೊದಲು ಮುಖ್ಯ ಬಾಗಿಲಲ್ಲಿ "ಚೆನ್ನಾಗಿದ್ದೀನಿ" ಎಂದು ಹೇಳಿ ಹೊರಬಂದು, ಕಟ್ಟಡವನ್ನು ಸುತ್ತಿ, ಆನಂತರ ಪಕ್ಕದ ಬಾಗಿಲಿಗೆ ಬರತಕ್ಕದ್ದು.

3. ಸಂಕಟದ ವಿವರಣೆಯು ಒಂದು ಲೋಟ ಟೀ ಆರುವುದರೊಳಗೆ ಮುಗಿಯಬೇಕು. ಆರಿದ ಟೀಯನ್ನೇ ಇಷ್ಟಪಡುವವರಿಗೆ ಈ ನಿಯಮ ಹೇಗೆ ಅನ್ವಯಿಸುತ್ತದೆ ಎಂದು ನಿವೃತ್ತ ಮುಖ್ಯೋಪಾಧ್ಯಾಯರು ಕೇಳಿರುತ್ತಾರೆ. ಅವರಿಗೆ ಅನ್ವಯಿಸುವುದಿಲ್ಲ, ಅವರು ಈಗಾಗಲೇ ಸಾಕಷ್ಟು ಮಾತನಾಡುತ್ತಾರೆ.

4. ಒಮ್ಮೆ "ಚೆನ್ನಾಗಿದ್ದೀನಿ" ಎಂದು ಬಾಗಿಲು ದಾಟಿದವರು ಉತ್ತರ ಬದಲಿಸಲು ಪುನಃ ಸಾಲಿಗೆ ಬರುವಂತಿಲ್ಲ. ಕಳೆದ ಭಾನುವಾರ ಮೈಕಣ್ಣನವರ ಮಾತು ಕೇಳಿಸಿದ ಬಳಿಕ, ಆಗಲೇ ಟೀ ಲೋಟ ಹಿಡಿದಿದ್ದವರು ಲೋಟ ಸಮೇತ ವಾಪಸ್ ಬಂದು ಸಾಲಿನಲ್ಲಿ ನಿಂತಿರುತ್ತಾರೆ. ಬ್ಯಾಂಕಿನ ಮ್ಯಾನೇಜರರು "ಅಯ್ಯನವರೇ, ಆಗ ಹೇಳಿದ್ದನ್ನ ವಾಪಸ್ ತಗೋತೀನಿ, ನಾನೂ ಅಷ್ಟೇನೂ ಚೆನ್ನಾಗಿಲ್ಲ" ಎಂದಿರುತ್ತಾರೆ. ಅವರ ಹಿಂದಿದ್ದ ಅವರ ಪತ್ನಿಯವರು "ಇದನ್ನ ನನಗ್ಯಾಕ್ರೀ ಹೇಳ್ಲಿಲ್ಲ?" ಎಂದು ಕೇಳಿದ್ದು, ಇಬ್ಬರೂ ಸಾಲಿನಿಂದ ಸರಿದು ಗೋಡೆ ಬದಿಯಲ್ಲಿ ಬಹಳ ಹೊತ್ತು ಮಾತನಾಡಿರುತ್ತಾರೆ. ಟೀ ಕಾಯಿಸುತ್ತಿದ್ದ, ಸಭೆಯವರೆಲ್ಲ ಚಿಕ್ಕಪ್ಪ ಎಂದು ಕರೆಯುವ ಹಿರಿಯರು ಬೇಸತ್ತು "ಯಾರಾದ್ರೂ ಚೆನ್ನಾಗಿರೋರು ಇದ್ರೆ ಬನ್ರಪ್ಪಾ, ಟೀ ಆರಿ ಹೋಗ್ತಿದೆ" ಎಂದು ಕೂಗಿದರೂ ಯಾರೂ ಮುಂದೆ ಬಂದಿರುವುದಿಲ್ಲ. ಇಂತಹ ಘಟನೆ ಮರುಕಳಿಸಕೂಡದು.

5. ಉತ್ತರ ಬದಲಿಸಿದ ಎಲ್ಲರ ಪಟ್ಟಿಯಿಂದಲೂ "ಸಂತೋಷ" ಎಂಬ ಕಾಲಂನ ನಕ್ಷತ್ರಗಳನ್ನು ಕಿತ್ತು ತೆಗೆಯತಕ್ಕದ್ದು. ಇವತ್ತು ಬೆಳಿಗ್ಗೆ ಪ್ರಾಯೋಗಿಕವಾಗಿ ಒಂದನ್ನು ಕೀಳಲಾಗಿ, ಪಟ್ಟಿಯ ಕಾಗದವೂ ಗೋಡೆಯ ಸುಣ್ಣವೂ ಜೊತೆಗೇ ಬಂದಿರುತ್ತವೆ. ಗೋಂದು ಇಷ್ಟು ಒಳ್ಳೆಯದೆಂದು ಸಮಿತಿಗೆ ತಿಳಿದಿರಲಿಲ್ಲ.

(ಇಲ್ಲಿಯವರೆಗೆ ಊಟಕ್ಕೆ ಮೊದಲು ಟೈಪ್ ಮಾಡಲಾಗಿದೆ.)

6. ಊಟದ ಡಬ್ಬಿಯನ್ನು ತಂದ ಗಾಯನ ಮಂಡಳಿಯ ಹಿರಿಯ ಸದಸ್ಯೆ, ಅಂದರೆ ಈ ಕಾರ್ಯದರ್ಶಿಯ ಅಕ್ಕ, ಕನ್ನಡಕ ಹಾಕಿಕೊಂಡು ಮೇಲ್ಕಂಡ ಕಂಡಿಕೆ 1ರಿಂದ 5ರವರೆಗೆ ಓದಿ, ಡಬ್ಬಿಯನ್ನು ತೆರೆಯಲು ಬಿಡದೆ, ಏಕವಚನದಲ್ಲಿ ಈ ಕೆಳಗಿನಂತೆ ಆಕ್ಷೇಪಣೆ ಸಲ್ಲಿಸಿರುತ್ತಾರೆ: "ಲೋ, ಆ ಮನುಷ್ಯ ಚೆನ್ನಾಗಿಲ್ಲ ಅಂದಿದ್ದಕ್ಕೆ ನೀನು ಬಾಗಿಲು ಎಣಿಸ್ತಾ ಕೂತಿದ್ದೀಯಲ್ಲೋ!"

7. ಸದರಿ ಅಕ್ಕನವರು ಮುಂದುವರಿದು, ಕಳೆದ ವಾರ್ಷಿಕ ಸಭೆಯಲ್ಲಿ ಸಮಿತಿಯು ಮೈಕಣ್ಣನವರಿಗೆ ನೀಡಿದ "ವರ್ಷದ ಉತ್ಸಾಹಿ" ಪ್ರಶಸ್ತಿಪತ್ರದ ಬಗ್ಗೆಯೂ ವಿವರಣೆ ಕೇಳಿರುತ್ತಾರೆ. ಸಮಿತಿಯ ವಿವರಣೆ ಏನೆಂದರೆ, ಪ್ರತಿ ಭಾನುವಾರ ಎಲ್ಲರಿಗಿಂತ ಮೊದಲು ಬಂದು, ಎಲ್ಲರಿಗಿಂತ ಕೊನೆಗೆ ಹೋಗುವುದನ್ನೂ, ಪ್ರಸಂಗ ಪೀಠದಿಂದ ಹಿಂದಿನ ಮಿಕ್ಸರ್ ಮೇಜಿಗೂ, ಮೇಜಿನಿಂದ ಪೀಠಕ್ಕೂ ಆ ವಯಸ್ಸಿನಲ್ಲಿ ಓಡಾಡುವುದನ್ನೂ ಗಮನಿಸಿ, ಅಂತಹ ಉತ್ಸಾಹ ಎಲ್ಲರಿಗೂ ಮಾದರಿಯಾಗಲೆಂದು ಆ ಗೌರವ ನೀಡಲಾಗಿತ್ತು.

8. ಅಕ್ಕನವರ ಹೇಳಿಕೆ, ಯಥಾವತ್ತು: "ಅದು ಉತ್ಸಾಹ ಅಲ್ವೋ. ಮೈಕ್ ಟೆಸ್ಟ್ ಮಾಡೋಕೆ ಇಬ್ಬರು ಬೇಕು. ಮುಂಚೆ ಅವರ ಹೆಂಡ್ತಿ ಪೀಠದ ಹತ್ರ ನಿಂತು ಹಲೋ ಹಲೋ, ಕೇಳಿಸ್ತಿದ್ಯಾ ಅಂತಿದ್ಳು, ಇವರು ಹಿಂದಿನಿಂದ ಕೈ ಎತ್ತೋರು. ಅವಳು ಹೋದ ಮೇಲೆ ಹಲೋ ಅನ್ನೋರೂ ಇವರೇ, ಓಡಿ ಹೋಗಿ ಕೇಳಿಸ್ಕೊಳ್ಳೋರೂ ಇವರೇ. ಅದಕ್ಕೆ ನೀವು ಫ್ರೇಮ್ ಹಾಕಿಸಿ ಕೊಟ್ರಿ."

9. ಸದರಿ ಮಹಿಳೆಯ ಅಂತ್ಯಕ್ರಿಯೆಗೆ ಈ ಸಮಿತಿಯ ಎಲ್ಲ ಸದಸ್ಯರೂ ಹಾಜರಿದ್ದು, ಮುದ್ರಿತ ಸಾಂತ್ವನ ಪತ್ರವನ್ನೂ ಕಳುಹಿಸಿರುತ್ತಾರೆ. ಆದರೆ ಭಾನುವಾರ ಬೆಳಿಗ್ಗೆ ಪೀಠದ ಬಳಿ ಒಂದು ಧ್ವನಿ ಕಡಿಮೆಯಾಗಿರುವುದು ಯಾರ ಗಮನಕ್ಕೂ ಬಂದಿರುವುದಿಲ್ಲ. ಈ ಬಗ್ಗೆ ಸಮಿತಿಗೆ ನಾಚಿಕೆಯಾಗಿದೆ. ನಾಚಿಕೆಯನ್ನು ಅನುಮೋದಿಸಿ ನಡಾವಳಿಯಲ್ಲಿ ಸೇರಿಸಲಾಗಿದೆ.

10. ಆದ್ದರಿಂದ ಕಂಡಿಕೆ 1ರಿಂದ 5ರವರೆಗಿನ ನಿಯಮಗಳನ್ನು ರದ್ದುಪಡಿಸಲಾಗಿದೆ. ಕಾಗದ ಹಾಳು ಮಾಡಬಾರದೆಂಬ ಸಭೆಯ ಹಿಂದಿನ ತೀರ್ಮಾನದಂತೆ ಅವುಗಳನ್ನು ಅಳಿಸಿಲ್ಲ. ಸದಸ್ಯರು ಅವನ್ನು ಓದಬಹುದು, ಪಾಲಿಸಬಾರದು.

11. ಇನ್ನು ಮುಂದೆ "ಹೇಗಿದ್ದೀರಾ?" ಎಂದು ಕೇಳಿದವರು ಉತ್ತರ ಮುಗಿಯುವವರೆಗೆ ಅಲ್ಲಿಂದ ಕದಲತಕ್ಕದ್ದಲ್ಲ. ಅಷ್ಟು ಪುರುಸೊತ್ತಿಲ್ಲದವರು "ನಮಸ್ಕಾರ" ಎಂದಷ್ಟೇ ಹೇಳಿ ಮುಂದೆ ಹೋಗತಕ್ಕದ್ದು. ಉತ್ತರ ಕೇಳುತ್ತಿರುವಾಗ ಟೀ ಮೇಜಿನತ್ತ ಕಣ್ಣು ಹಾಯಿಸುವುದನ್ನು ನಿಷೇಧಿಸಲಾಗಿದೆ. ಬಿಸ್ಕತ್ತು ಖಾಲಿಯಾಗುತ್ತಿದ್ದರೂ ಸಹ.

12. ವಾಕ್ಯ ಪೂರ್ತಿಯಾಗುವ ಮೊದಲು ಸ್ತೋತ್ರ ಹೇಳದಂತೆ ತಮ್ಮನ್ನು ನಿರ್ಬಂಧಿಸಬೇಕೆಂದು ಸ್ವತಃ ಸಭಾಪಾಲಕರೇ ಕೋರಿರುತ್ತಾರೆ. ಭಾನುವಾರ ಸಂಜೆ ಅವರು ಮೈಕಣ್ಣನವರ ಮನೆಗೆ ಹೋಗಿದ್ದು, ಬೀಗ ಹಾಕಿತ್ತು. "ಕಿವಿಗೆ ಬಿತ್ತು, ಆದರೆ ಬಾಯಿ ಮುಂದೆ ಓಡಿಬಿಡ್ತು" ಎಂದು ಅವರು ಹೇಳಿಕೊಂಡಿರುತ್ತಾರೆ. ಕೋರಿಕೆಯನ್ನು ಮನ್ನಿಸಲಾಗಿದೆ. ಅವರ ಪಟ್ಟಿಗೆ ಈ ಪ್ರಾಮಾಣಿಕತೆಗಾಗಿ ಒಂದು ನಕ್ಷತ್ರ ಅಂಟಿಸೋಣವೆಂದು ಸಹಕಾರ್ಯದರ್ಶಿಯವರು ಸೂಚಿಸಿದಾಗ ಅಕ್ಕನವರು ಅವರನ್ನೊಮ್ಮೆ ನೋಡಿರುತ್ತಾರೆ. ಸೂಚನೆಯನ್ನು ಹಿಂಪಡೆಯಲಾಗಿದೆ.

13. ಬೆಳವಣಿಗೆಯ ಪಟ್ಟಿಗಳನ್ನು ಗೋಡೆಯಿಂದ ಇಳಿಸಲಾಗುವುದು. ಬೆಳೆಯದೇ ಇರುವ ವಾರಗಳಲ್ಲಿಯೂ ಎಲ್ಲರಿಗೂ ಬೆಂಚಿನಲ್ಲಿ ಜಾಗವಿರುತ್ತದೆ ಎಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ. ಮಿಕ್ಕಿರುವ ನಕ್ಷತ್ರಗಳನ್ನು ಶಾಲೆ ಮುಗಿಸಿ ಅಂಗಳಕ್ಕೆ ಆಡಲು ಬಂದ ಸಂಡೇ ಸ್ಕೂಲ್ ಮಕ್ಕಳಿಗೆ ಕೊಡಲಾಗಿದ್ದು, ಅವರು ಅದಾಗಲೇ ಅವನ್ನು ಹಣೆಗೆ ಅಂಟಿಸಿಕೊಂಡಿರುತ್ತಾರೆ. ಗೋಂದಿನ ವಿಚಾರ ಪೋಷಕರಿಗೆ ಪ್ರತ್ಯೇಕವಾಗಿ ತಿಳಿಸಲಾಗುವುದು.

14. ಸಭಾಂಗಣದ ನೆಲದ ಮೇಲಿರುವ ವೈರುಗಳನ್ನು ಯಾರೂ ಸುತ್ತಿಡತಕ್ಕದ್ದಲ್ಲ. ಹಿಂದೊಮ್ಮೆ ಯುವಜನರು ಸಹಾಯ ಮಾಡಲು ಹೋಗಿ ಹಾಕಿದ ಗಂಟನ್ನು ಬಿಡಿಸುವಷ್ಟರಲ್ಲಿ ಎರಡು ಗೀತೆ ಮೈಕಿಲ್ಲದೆ ಹಾಡಬೇಕಾಯಿತು. ದಾಟಿಕೊಂಡು ಓಡಾಡತಕ್ಕದ್ದು.

15. ಮೈಕಣ್ಣನವರು ಬಿಟ್ಟುಹೋದ ಬೀಗದ ಕೈಯನ್ನು ರಾಜೀನಾಮೆಯೆಂದು ಸ್ವೀಕರಿಸಲು ಅವಕಾಶವಿರುವುದಿಲ್ಲ. ಸೇವೆಗೆ ಸೇರಲು ನಮ್ಮಲ್ಲಿ ನಮೂನೆ ಇದೆ, ಬಿಡಲು ನಮೂನೆ ಇಲ್ಲ. ಆದಕಾರಣ ಕಾರ್ಯದರ್ಶಿಯು ಇಂದು ಸಂಜೆ ಬೀಗದ ಕೈಯನ್ನೂ, ಅಕ್ಕನವರು ಮಾಡಿಕೊಡುವ ಇಬ್ಬರ ಊಟವನ್ನೂ ತೆಗೆದುಕೊಂಡು ಸದರಿಯವರ ಮನೆಗೆ ಹೋಗತಕ್ಕದ್ದು. ಬೀಗ ಹಾಕಿದ್ದರೆ ಮೆಟ್ಟಿಲ ಮೇಲೆ ಕೂತು ಕಾಯತಕ್ಕದ್ದು. ಸುತ್ತೋಲೆಯ ಪ್ರಸ್ತಾಪ ಮಾಡತಕ್ಕದ್ದಲ್ಲ. ಒಂದೇ ಪ್ರಶ್ನೆ ಕೇಳಿ ಸುಮ್ಮನಿರತಕ್ಕದ್ದು.

16. ಪ್ರತಿ ಭಾನುವಾರ ಬೆಳಿಗ್ಗೆ ಒಬ್ಬ ಸದಸ್ಯರು ಮೊದಲೇ ಬಂದು ಪೀಠದ ಬಳಿ ನಿಂತು ಹಲೋ ಎನ್ನತಕ್ಕದ್ದು. ಅರ್ಹತೆ: ಹಲೋ ಎನ್ನಲು ಬರಬೇಕು. ನಿವೃತ್ತ ಮುಖ್ಯೋಪಾಧ್ಯಾಯರು ಎಲ್ಲರಿಗಿಂತ ಮೊದಲು ಹೆಸರು ಕೊಟ್ಟಿರುತ್ತಾರೆ. ಹಲೋ ನಂತರ ಭಾಷಣ ಇರುವುದಿಲ್ಲ ಎಂದು ಅವರಿಂದ ಮಾತು ಪಡೆಯಲಾಗಿದೆ.

ಸೇರ್ಪಡೆ (ಮಂಗಳವಾರ):

ಕಂಡಿಕೆ 15ನ್ನು ಪಾಲಿಸಲಾಗಿದೆ. ಮನೆ ತೆರೆದಿತ್ತು. ಟೀವಿ ಜೋರಾಗಿ ಹಾಕಿದ್ದು, ಅದನ್ನು ಯಾರೂ ನೋಡುತ್ತಿರಲಿಲ್ಲ. ಪ್ರಶ್ನೆ ಕೇಳಲಾಯಿತು. ಉತ್ತರ ಮುಗಿಯುವಷ್ಟರಲ್ಲಿ ಊಟ ಆರಿಹೋಗಿ ಮತ್ತೆ ಬಿಸಿ ಮಾಡಬೇಕಾಯಿತು. ವಿವರಗಳನ್ನು ಇಲ್ಲಿ ನಮೂದಿಸುವುದಿಲ್ಲ. ಊಟದ ನಡುವೆ ಮೈಕಣ್ಣನವರು "ಅದಿರ್ಲಿ, ನೀವು ಹೇಗಿದ್ದೀರಾ?" ಎಂದು ಕೇಳಿದಾಗ ಕಾರ್ಯದರ್ಶಿಯು "ಚೆನ್ನಾಗಿದ್ದೀನಿ, ದೇವರ ದಯೆ" ಎಂದುಬಿಟ್ಟಿದ್ದು, ಇಬ್ಬರೂ ನಕ್ಕ ಮೇಲೆ ಉತ್ತರವನ್ನು ತಿದ್ದಲಾಗಿರುತ್ತದೆ. ಅದಕ್ಕೂ ಸಾಕಷ್ಟು ಸಮಯ ಹಿಡಿಯಿತು. ಮೈಕ್ ಬೀರುವಿನ ಬೀಗದ ಕೈಯನ್ನು ಊಟದ ಮೇಜಿನ ಮೇಲೆ ಇಡಲಾಗಿತ್ತು. ಹೊರಡುವಾಗ ನೋಡಲಾಗಿ, ಅದು ಬಾಗಿಲ ಪಕ್ಕದ ಮೊಳೆಯಲ್ಲಿ, ಅವರ ಮನೆಯ ಕೀಲಿಯ ಜೊತೆ ನೇತಾಡುತ್ತಿತ್ತು.

ಸಹಿ/-
ಕಾರ್ಯದರ್ಶಿ
ವೈಯಕ್ತಿಕ ಬೆಳವಣಿಗೆ ಮತ್ತು ಬಾಗಿಲ ಕುಶಲೋಪರಿ ಸಮಿತಿ
(ಅಷ್ಟೇನೂ ಚೆನ್ನಾಗಿಲ್ಲ, ನಿನ್ನೆಗಿಂತ ವಾಸಿ)

ಪ್ರತಿಗಳು:
1. ಸಭಾಪಾಲಕರಿಗೆ, ಕಂಡಿಕೆ 12ನ್ನು ಕಾಲರಿನ ಒಳಬದಿಗೆ ಪಿನ್ ಮಾಡಿಕೊಳ್ಳುವ ಸಲುವಾಗಿ.
2. ಪಾಸ್ಟರಮ್ಮನವರಿಗೆ, ಉಲ್ಲೇಖ (3)ರ ಪ್ರಶ್ನೆಗೆ ಸಮಿತಿಯು ಇನ್ನೂ ಉತ್ತರ ಹುಡುಕುತ್ತಿದೆ ಎಂಬ ಟಿಪ್ಪಣಿಯೊಂದಿಗೆ.
3. ಬ್ಯಾಂಕಿನ ಮ್ಯಾನೇಜರ್ ದಂಪತಿಗೆ, ಒಂದೇ ಪ್ರತಿ, ಒಟ್ಟಿಗೆ ಓದಲು.
4. ಟೀ ಚಿಕ್ಕಪ್ಪನವರಿಗೆ, ದೊಡ್ಡ ಫ್ಲಾಸ್ಕ್ ಕೊಳ್ಳುವ ಬಗ್ಗೆ.
5. ನಿವೃತ್ತ ಮುಖ್ಯೋಪಾಧ್ಯಾಯರಿಗೆ, "ಹಲೋ" ಎಂಬ ಪದಕ್ಕೆ ಅಡಿಗೆರೆ ಎಳೆದು.
6. ಅಕ್ಕನವರಿಗೆ, ತೊಳೆದ ಡಬ್ಬಿಯೊಂದಿಗೆ.
7. ಮೈಕಣ್ಣನವರಿಗೆ ಪ್ರತಿ ಕಳುಹಿಸಿರುವುದಿಲ್ಲ. ಭಾನುವಾರ ಬೆಳಿಗ್ಗೆ ಪೀಠದ ಬಳಿಯಿಂದ ಹಲೋ ಎಂದು ಹೇಳಲಾಗುವುದು. ಕೇಳಿಸಿದರೆ ಮುಂಚಿನಂತೆ ಹಿಂದಿನಿಂದ ಕೈ ಎತ್ತಬೇಕೆಂದು ಕೋರಲಾಗಿದೆ.