ಸಿಂಧನೂರಿನ ಸರ್ವರ್, ಮಸ್ಕಿಯ ಸಾರು

ನಮ್ಮ ಬಳಗಕ್ಕೆ ವಾಕ್ ಸ್ವಾತಂತ್ರ್ಯ ತಂದುಕೊಟ್ಟವನು ನಾನು. ಯಾರೂ ಕೇಳಿರಲಿಲ್ಲ, ಅದು ಬೇರೆ ಮಾತು!

ದೊಡ್ಡ ಕಂಪನಿಗಳ ಹಂಗೇ ಬೇಡವೆಂದು ಹೊಸ ಬಗೆಯ ಸಾಮಾಜಿಕ ಜಾಲವೊಂದನ್ನು ಹಿಡಿದಿದ್ದೆ. ಅದಕ್ಕೆ ಒಬ್ಬನೇ ಮಾಲೀಕನಿಲ್ಲ. ಊರೂರಿಗೆ ಒಂದು ಸರ್ವರ್. ಒಂದರಲ್ಲಿ ಬರೆದದ್ದು ಉಳಿದವಕ್ಕೂ ಹೋಗುತ್ತದೆ. ಸಿಂಧನೂರಿನದು ನನ್ನ ಸುಪರ್ದಿಯಲ್ಲಿ, ಮಸ್ಕಿಯದು ನನ್ನ ಹೆಂಡತಿಯ ತಮ್ಮ ಬಸವರಾಜನದು, ಲಿಂಗಸುಗೂರಿನದು ಅವನ ಬೀಗರದು. "ಇಲ್ಲಿ ಯಾರ ಮಾತನ್ನೂ ಅಳಿಸಲಾಗುವುದಿಲ್ಲ" ಎಂದು ಮೊದಲ ದಿನವೇ ಘೋಷಿಸಿದೆ.

ಬಸವರಾಜನ ಮಗಳು ಶಿವಲೀಲಾ ಮದುವೆಯಾಗಿ ಲಿಂಗಸುಗೂರಿಗೆ ಹೋದ ಮರುದಿನ, ನಮ್ಮ ಪಕ್ಕದ ಮನೆಯ ಶರಣಪ್ಪ ಬರೆದ: "ಮಸ್ಕಿ ಮದುವ್ಯಾಗ ಸಾರಿನ್ಯಾಗಿನ ಬ್ಯಾಳಿ ಹುಡುಕಾಕ ದುರ್ಬೀನು ಬೇಕಾಗಿತ್ತು!"

ಬಸವರಾಜ ಫೋನ್ ಮಾಡಿದ. "ಮಾಮಾ, ಅದನ್ನ ತಗೀರಿ. ಬೀಗರು ಓದಿದ್ರ ಹುಡುಗಿ ಅಲ್ಲಿ ಮಾತು ಕೇಳಬೇಕಾಗ್ತೈತಿ."

"ನೋಡಪಾ, ಇದು ತತ್ವದ ಪ್ರಶ್ನೆ," ಎಂದೆ.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಶರಣಪ್ಪನ ಮಾತನ್ನು ಯಾಕೆ ಅಳಿಸಬಾರದೆಂದು ಉದ್ದನೆಯ ಪ್ರಕಟಣೆ ಹೊರಡಿಸಿದೆ. ಓದುವವರಿಗೆ ಅನುಕೂಲವಾಗಲೆಂದು ಆ ಮಾತನ್ನೇ ತಲೆಬರಹ ಮಾಡಿದೆ! ಅಲ್ಲಿಯವರೆಗೆ ಅದನ್ನು ಓದಿದ್ದವರು ನಾಲ್ಕೇ ಜನ. ಸಂಜೆಯೊಳಗೆ ಬೀಗರ ಮನೆಯ ಮುದುಕಿಗೂ ಮುಟ್ಟಿತು. ಶಿವಲೀಲಾ ಅತ್ತಳಂತೆ.

ಅದನ್ನು ಕೇಳಿದ ಮೇಲೆ ನಿಜ ಒಪ್ಪಿಕೊಳ್ಳಲೇಬೇಕು. ಸಾರು ತೆಳ್ಳಗಾದದ್ದು ಎಣಿಸಿದ್ದಕ್ಕಿಂತ ಮಂದಿ ಹೆಚ್ಚಾದ್ದರಿಂದ. ಆ ಹೆಚ್ಚಿನ ಮಂದಿಯನ್ನು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಹೋದವನು ನಾನೇ! ಶರಣಪ್ಪನೂ ಅದರಲ್ಲೇ ಬಂದಿದ್ದ.

ತತ್ವವನ್ನು ಬದಿಗಿಟ್ಟು ಶರಣಪ್ಪನ ಮಾತು, ನನ್ನ ಪ್ರಕಟಣೆ ಎರಡನ್ನೂ ಅಳಿಸಿದೆ. ಆದರೆ ಲಿಂಗಸುಗೂರಿನ ಸರ್ವರಿಗೆ ಆಗಲೇ ಹೋಗಿದ್ದ ನಕಲು ಹಾಗೇ ಉಳಿಯಿತು. ಅಷ್ಟರಲ್ಲಿ ಬಸವರಾಜ ತನ್ನ ಮಸ್ಕಿ ಸರ್ವರಿಗೂ ನಮಗೂ ಇದ್ದ ಸಂಪರ್ಕ ಕತ್ತರಿಸಿ ಇಡೀ ಸಿಂಧನೂರನ್ನೇ ಬಂದ್ ಮಾಡಿದ್ದ.

"ಏನ್ರಿ, ನನ್ನ ತವರುಮನಿ ಬಾಗಿಲಾನ ಮುಚ್ಚಿಸಿ ಕುಂತೀರಲ್ಲ! ಶಿವಲೀಲಾ ಮಸ್ಕಿ ಸರ್ವರಿನ್ಯಾಗ ಹಾಕಿದ್ದು ಒಂದು ಫೋಟೋನೂ ಕಾಣವಲ್ದು," ಎಂದು ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಮರುದಿನ ಇಬ್ಬರೂ ಮಸ್ಕಿಗೆ ಬಸ್ ಹತ್ತಿದೆವು. ಟ್ರ್ಯಾಕ್ಟರಿನ ಅಪರಾಧ ಒಪ್ಪಿಕೊಂಡು ಕೈಮುಗಿದೆ. ಬೀಗರಿಗೂ ನಾನೇ ಫೋನ್ ಮಾಡಿ ಹೇಳಿದೆ. ಅವರು ದೊಡ್ಡ ಮನುಷ್ಯರು, ನಕ್ಕು ತಮ್ಮ ಕಡೆಯ ನಕಲನ್ನೂ ತೆಗೆದರು.

ಬಸವರಾಜ ಮೊಬೈಲ್ ಕೈಗೆತ್ತಿಕೊಂಡ. "ಸಿಂಧನೂರು ಮಂದಿಗೆಲ್ಲ ಮತ್ತ ಚಾಲೂ ಮಾಡ್ತೀನಿ ಮಾಮಾ. ನಿಮ್ಮೊಬ್ಬರನ್ನ ಬಿಟ್ಟು."

"ಶರಣಪ್ಪನಿಗೂ ಚಾಲೂ?"

"ಅವ ಬರಲಿ. ಅವ ಒಂದ ಸಾಲು ಬರೀತಾನ!"

ಈಗ ಶಿವಲೀಲಾಳ ಫೋಟೋಗಳನ್ನು ಹೆಂಡತಿಯ ಮೊಬೈಲಿನಲ್ಲಿ ಇಣುಕಿ ನೋಡುತ್ತೇನೆ. ಅಭಿಪ್ರಾಯವಿದ್ದರೆ ಅವಳಿಗೆ ಅರಿಕೆ ಮಾಡಿಕೊಳ್ಳುತ್ತೇನೆ. ಹತ್ತರಲ್ಲಿ ಒಂಬತ್ತನ್ನು ಅವಳು ಬರೆಯುವುದೇ ಇಲ್ಲ. ಉಳಿದ ಒಂದು, "ಚಂದ ಐತಿ." ಅದೂ ಅವಳ ಹೆಸರಿನಲ್ಲೇ ಹೋಗುತ್ತದೆ!