ಪಾಣಿ ಟಾಕಾ

ತಲೆ ತೊಳೆಯಲು ಬೇಕೆಂದು ರಂಭಾಬಾಯಿ ಶಿರೂರ ಅನಂತಪಾಳ ಎಂಬ ಊರಿನ ಬತ್ತಿದ ಕೆರೆಯಿಂದ ಒಂದು ಚೀಲ ಕರಿಮಣ್ಣು ತರಿಸಿದ್ದಳು. ಅದನ್ನು ಅಂಗಳದ ನೀರಿನ ತೊಟ್ಟಿಯ ಅಂಚಿಗಿಟ್ಟವನು ಅವಳ ಗಂಡ, ಮರಾಠಿ ಸೀಮೆಯ ನಿಲಂಗಾದ ಬಟ್ಟೆ ವ್ಯಾಪಾರಿ ದಿಗಂಬರ. ಚೀಲ ಒಳಗೆ ಉರುಳಿದಾಗ ಬಾಯಿಬಿಡದೆ ಅಂಗಡಿಗೆ ಹೋದ ಪುಣ್ಯಾತ್ಮನೂ ಅವನೇ. ಬರಗಾಲದ ವರ್ಷ, ಓಣಿಗೆ ಟ್ಯಾಂಕರ್ ಬರುವುದು ಹತ್ತು ದಿನಕ್ಕೊಮ್ಮೆ; ಅಂದೇ ಬಂದು ಹೋಗಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ತೊಟ್ಟಿಯ ನೀರು ನೆತ್ತರಿನಂತೆ ಕೆಂಪಾಗಿತ್ತು. ಗಾಳಿ ಇರಲಿಲ್ಲ. ಆದರೂ ತಳದ ಕೆಸರಿನಿಂದ ಏನೋ ಮೆಲ್ಲಗೆ ಮೇಲೇಳುತ್ತಿತ್ತು. ದಿಗಂಬರ ಮಣ್ಣಿನ ಸಂಗತಿಯನ್ನೆಲ್ಲ ಒದರಿಬಿಟ್ಟ.

"ಕೆರ್ಯಾಗ ಮುಳಗಿದಾಕಿ ಯಾರೋ ಮಣ್ಣಿನ ಜೋಡಿ ಬಂದಾಳ," ಎಂದಳು ಪಕ್ಕದ ಮನೆಯ ಪ್ರಯಾಗಬಾಯಿ. ಓಣಿಯೆಲ್ಲ ನೆರೆಯಿತು.

ಕಾಲೇಜಿನ ರೇವಣಸಿದ್ಧ ಸರ್‌ಗೆ ಹೇಳಿಕಳಿಸಿದರು. ಧಾರವಾಡದವರು, ಊರಿಗೆ ಬಂದು ತಿಂಗಳಾಗಿತ್ತು. ಬಗ್ಗಿ ನೋಡಿ, ದನಿ ತಗ್ಗಿಸಿದರು.

"ಇದು ಪಾಚಿ. ಕೆರಿ ಬತ್ತಿದಾಗ ಮೈಸುತ್ತ ಗಟ್ಟಿ ಚಿಪ್ಪು ಕಟ್ಕೊಂಡು ಮಣ್ಣಾಗ ಮಲಗತಾವ. ವರ್ಷಗಟ್ಟಲೆ ಸಾಯಂಗಿಲ್ಲ. ನೀರು ತಾಕಿದ್ರ ಏಳತಾವ. ಕೆಲವು ಜಾತಿ ವಿಷ ಬಿಡತಾವ, ಕುದಿಸಿದ್ರೂ ಹೋಗಂಗಿಲ್ಲ."

ಸೀಸೆಯಲ್ಲಿ ಒಂದಿಷ್ಟು ತುಂಬಿಕೊಂಡು ಹೊರಟವರು, ಹೊಸದಾಗಿ ಕಲಿತ ಮರಾಠಿಯನ್ನು ಬಾಗಿಲಲ್ಲಿ ಮೆರೆಸಿದರು: "ಪಾಣಿ ಟಾಕಾ. ಸಗಳಂ ಪಾಣಿ ಟಾಕಾ."

"ಕೇಳಿದ್ರಿಲ್ಲ? ನೀರು ಹಾಕ್ರಿ, ಇದ್ದ ನೀರೆಲ್ಲಾ ಹಾಕ್ರಿ ಅಂದ್ರು," ಎಂದಳು ಪ್ರಯಾಗಬಾಯಿ. "ಮಲಗಿದಾಕಿನ್ನ ಎಬ್ಬಿಸೀರಿ. ಇಲ್ಲಿ ಹೊಟ್ಟಿ ತುಂಬಲಿಲ್ಲಂದ್ರ ನಮ್ಮ ಮನಿಗೆ ಬರತಾಳ."

"ಮತ್ತ ಕುಡಿಯಾಕ?" ಎಂದ ದಿಗಂಬರ. ಮೊದಲು ಅವನ ಅಡಿಗೆಮನೆಯ ಕೊಡಗಳು ಬರಿದಾದವು. ಆಮೇಲೆ ಹೆದರಿದ ಹನ್ನೊಂದು ಮನೆಯವರು ತಮ್ಮ ತಮ್ಮ ಕೊಡ ತಂದು ಸದ್ದಿಲ್ಲದೆ ಸುರಿದರು. ತೊಟ್ಟಿ ಅಂಚಿನವರೆಗೆ ತುಂಬಿ, ನೀರು ತಿಳಿಯಾಯಿತು.

ಸಂಜೆ ಸರ್ ಮರಳಿದರು. "ಇದ್ಯಾಕ ತುಂಬೈತಿ? ಟಾಕಾ ಅಂದಿದ್ದೆನಲ್ಲ?"

"ಟಾಕೀವಲ್ರೀ," ಎಂದ ದಿಗಂಬರ.

"ಅಂದ್ರ, ಚೆಲ್ರಿ ಅಂತ."

"ಅದಕ್ಕ 'ಟಾಕೂನ ದ್ಯಾ' ಅನಬೇಕ್ರೀ ಸರ್," ಎಂದಳು ರಂಭಾಬಾಯಿ, ಮೆಲ್ಲಗೆ. "ಬರೇ 'ಟಾಕಾ' ಅಂದ್ರ ನೀರಿಗೆ ನೀರು ಹಾಕತಾರ."

ತಿಳಿನೀರಿನ ಅಡಿಯಿಂದ ಕೆಂಪು ಮತ್ತೆ ಏರತೊಡಗಿತ್ತು. ಸರ್ ಹೊರಗಿನವರು, ಅವರನ್ನು ಯಾರು ಏನೆಂದಾರು? ಹನ್ನೊಂದು ಮನೆಯವರೂ ದಿಗಂಬರನತ್ತ ತಿರುಗಿದರು.

"ಟ್ಯಾಂಕರ್ ಬರೂದು ಇನ್ನ ಆರು ದಿನ," ಎಂದಳು ಪ್ರಯಾಗಬಾಯಿ, ಖಾಲಿ ಕೊಡವನ್ನು ಅವನ ಕಾಲ ಬಳಿ ಇಡುತ್ತ. "ನಾಳೆ ನೀರಿಗೆ ಎಷ್ಟೊತ್ತಿಗೆ ಬರೂಣ್ರಿ, ದಿಗಂಬರಪ್ಪಾ?"